ನೆರಳನ್ನು ತೂಗುವುದು ಹೇಗೆ: ಮೌಂಟ್ ಅಬುವಿನಿಂದ ಪತ್ತೆಯಾದ ಒಂದು ಭಾರಿ ಗ್ರಹ



2023ರಲ್ಲಿ ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯ (ಪಿಆರ್‌ಎಲ್‌) ವಿಜ್ಞಾನಿಗಳು ಒಂದು ಗ್ರಹದ ಪತ್ತೆಯನ್ನು ಪ್ರಕಟಿಸಿದರು. ಪ್ರಬಂಧದ ಮೊದಲ ಲೇಖಕಿ ಆಕಾಂಕ್ಷಾ ಖಂಡೇಲ್ವಾಲ್, ತಂಡದ ನಾಯಕರು ಅಭಿಜಿತ್ ಚಕ್ರವರ್ತಿ. ಗ್ರಹದ ಹೆಸರು ಟಿಒಐ-4603ಬಿ. ಅದರ ನಕ್ಷತ್ರ ನಮ್ಮಿಂದ ಸುಮಾರು 730 ಜ್ಯೋತಿರ್ವರ್ಷ ದೂರದಲ್ಲಿದೆ. ಅದು ಸೂರ್ಯನಿಗಿಂತ ತುಸು ಬಿಸಿ, ದ್ರವ್ಯರಾಶಿಯಲ್ಲಿ 1.76 ಪಟ್ಟು, ವ್ಯಾಸದಲ್ಲಿ ಸುಮಾರು 2.7 ಪಟ್ಟು, ಈಗಷ್ಟೇ ಮುಪ್ಪಿನ ಕಡೆಗೆ ಹೊರಳಿ ಉಬ್ಬತೊಡಗಿರುವ ನಕ್ಷತ್ರ. ಅದನ್ನು ಈ ಗ್ರಹ 7.25 ದಿನಕ್ಕೊಮ್ಮೆ ಸುತ್ತುತ್ತದೆ. ಸೂರ್ಯನಿಂದ ಬುಧ ಇರುವ ದೂರದ ಕಾಲು ಭಾಗಕ್ಕಿಂತಲೂ ಹತ್ತಿರದಲ್ಲಿ, ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಅದರ ವಾಸ. ಗಾತ್ರದಲ್ಲಿ ಅದು ನಮ್ಮ ಗುರುಗ್ರಹದಷ್ಟೇ: 1.04 ಪಟ್ಟು. ತೂಕದಲ್ಲಿ ಮಾತ್ರ 12.89 ಪಟ್ಟು, ಅಂದರೆ ನಾಲ್ಕು ಸಾವಿರಕ್ಕೂ ಹೆಚ್ಚು ಭೂಮಿಗಳಷ್ಟು. ಅದರ ಸರಾಸರಿ ಸಾಂದ್ರತೆ ಘನ ಸೆಂಟಿಮೀಟರಿಗೆ 14.1 ಗ್ರಾಂ. ಸೀಸದ ಸಾಂದ್ರತೆ 11.3. ಬಹುಪಾಲು ಹೈಡ್ರೋಜನ್ ಮತ್ತು ಹೀಲಿಯಂ ಅನಿಲಗಳಿಂದಾದ ಗೋಳವೊಂದು ಸೀಸಕ್ಕಿಂತ ದಟ್ಟವಾಗಿದೆ ಎಂದರೆ ಕ್ಷಣಕಾಲ ನಿಂತು ಯೋಚಿಸಬೇಕಾದ ಮಾತು. ಈ ಒಂದು ಗ್ರಹವನ್ನು ಮುಂದಿಟ್ಟುಕೊಂಡು ನಾನು ಪ್ರತಿಪಾದಿಸಲು ಬಯಸುವುದು ಇಷ್ಟು: ದೂರದ ನಕ್ಷತ್ರದ ಬೆಳಕು ಒಮ್ಮೆ ಮಂಕಾದದ್ದನ್ನು ಕಂಡ ಮಾತ್ರಕ್ಕೆ ಗ್ರಹ ಸಿಕ್ಕಿತು ಎನ್ನಲಾಗದು. ಆ ಮಂಕಿಗೆ ಕಾರಣವಾದ ಕಾಯವನ್ನು ತೂಗಿದಾಗಲೇ ಅದು ಶೋಧ. ತೂಗುವ ಈ ಕೆಲಸ ದೊಡ್ಡ ದೇಶಗಳ ದೊಡ್ಡ ದೂರದರ್ಶಕಗಳಿಗಷ್ಟೇ ಮೀಸಲಾದದ್ದೂ ಅಲ್ಲ.

ಮೊದಲು ಮಂಕಾಗುವಿಕೆಯ ವಿಚಾರ. 2012ರ ಜೂನ್ 6ರ ಬೆಳಿಗ್ಗೆ ಬೆಂಗಳೂರಿನ ಸಾವಿರಾರು ಜನ ಸೌರ ಕನ್ನಡಕ ಹಿಡಿದು ಸೂರ್ಯನ ಮೇಲೆ ಶುಕ್ರನ ಕಪ್ಪು ಚುಕ್ಕೆ ಸರಿಯುವುದನ್ನು ನೋಡಿದರು. ಆ ಸಂಕ್ರಮಣದಲ್ಲಿ ಶುಕ್ರ ಮರೆಮಾಡಿದ್ದು ಸೂರ್ಯಬಿಂಬದ ಸುಮಾರು ಸಾವಿರದಲ್ಲಿ ಒಂದು ಪಾಲನ್ನು. ಬಿಸಿಲು ಕಡಿಮೆಯಾಯಿತೆಂದು ಯಾರಿಗೂ ಅನ್ನಿಸಲಿಲ್ಲ. ಇಂಥದ್ದನ್ನು ಜನಸಾಮಾನ್ಯರಿಗೆ ವಿವರಿಸುವ ಕೆಲಸ ನಮ್ಮಲ್ಲಿ ಹೊಸದೇನಲ್ಲ. 1874ರ ಶುಕ್ರ ಸಂಕ್ರಮಣಕ್ಕೆ ಮುನ್ನ ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಬರೆದ ಕಿರುಹೊತ್ತಗೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಬಂದಿತ್ತು. ಈಗ ಸೂರ್ಯನನ್ನು 730 ಜ್ಯೋತಿರ್ವರ್ಷ ದೂರಕ್ಕೆ ಒಯ್ದಿಟ್ಟೆವೆಂದು ಭಾವಿಸಿ. ಬಿಂಬವೂ ಕಾಣದು, ಚುಕ್ಕೆಯೂ ಕಾಣದು. ಉಳಿಯುವುದು ಒಂದು ಬೆಳಕಿನ ಕಣ, ಮತ್ತು ಅದು ನಿಯತಕಾಲಕ್ಕೊಮ್ಮೆ ಒಂದಿಷ್ಟು ಕುಂದುತ್ತದೆ ಎಂಬ ಲೆಕ್ಕ. ಟಿಒಐ-4603ರ ವಿಷಯದಲ್ಲಿ ಆ ಕುಂದು ಶೇಕಡಾ 0.15ರಷ್ಟು. 2018ರ ಏಪ್ರಿಲ್‌ನಲ್ಲಿ ನಾಸಾ ಹಾರಿಸಿದ ಟೆಸ್ ಉಪಗ್ರಹ ಆಕಾಶವನ್ನು ಪಟ್ಟೆಪಟ್ಟೆಯಾಗಿ ಗಮನಿಸುತ್ತ ಇಂಥ ಕುಂದುಗಳನ್ನು ಸಾವಿರಗಟ್ಟಲೆ ಹೆಕ್ಕಿಕೊಟ್ಟಿದೆ. ಅವುಗಳ ಪಟ್ಟಿಗೆ ಅದು ಇಟ್ಟಿರುವ ಹೆಸರು 'ಗ್ರಹಗಳು' ಎಂದಲ್ಲ, 'ಗಮನಾರ್ಹ ಕಾಯಗಳು' ಎಂದು. ಟಿಒಐ ಎಂಬ ಮೂರಕ್ಷರದ ಅರ್ಥ ಅದೇ. ಈ ಎಚ್ಚರ ವಿನಯದ ಮಾತಲ್ಲ, ಅನುಭವದ ಮಾತು.

ಏಕೆಂದರೆ ನೆರಳು ಗಾತ್ರವನ್ನು ಹೇಳೀತೇ ಹೊರತು ಜಾತಿಯನ್ನು ಹೇಳದು. ಗುರುಗ್ರಹದಷ್ಟು ದ್ರವ್ಯ ಕೂಡಿದ ಮೇಲೆ ಪ್ರಕೃತಿ ಒಂದು ವಿಚಿತ್ರ ನಿಯಮವನ್ನು ಪಾಲಿಸುತ್ತದೆ: ದ್ರವ್ಯ ಸೇರಿಸುತ್ತ ಹೋದರೂ ಗೋಳ ಹಿಗ್ಗುವುದಿಲ್ಲ. ಸೇರಿದ ಭಾರ ಒಳಗಿನ ಅನಿಲವನ್ನು ಅಷ್ಟೇ ಬಲವಾಗಿ ಅದುಮಿಬಿಡುತ್ತದೆ. ಹಾಗಾಗಿ ಗುರುಗ್ರಹ, ಅದರ ಐವತ್ತು ಪಟ್ಟು ತೂಗುವ, ಗ್ರಹಕ್ಕೂ ನಕ್ಷತ್ರಕ್ಕೂ ನಡುವಿನ ಕಂದು ಕುಬ್ಜ, ನೂರು ಪಟ್ಟಿನ ಹತ್ತಿರ ತೂಗುವ ಕಿರುನಕ್ಷತ್ರ, ಈ ಮೂರೂ ಹೆಚ್ಚುಕಡಿಮೆ ಒಂದೇ ಗಾತ್ರ. 2005ರಲ್ಲಿ ಒಗಲ್-ಟಿಆರ್-122 ಎಂಬ ನಕ್ಷತ್ರದ ಮುಂದೆ ಹಾಯುವ ಕಾಯವೊಂದನ್ನು ತೂಗಿ ನೋಡಿದರು. ಗಾತ್ರ ಗುರುಗ್ರಹದ 1.2 ಪಟ್ಟು, ತೂಕ 96 ಪಟ್ಟು: ಅದು ಗ್ರಹವೇ ಅಲ್ಲ, ಒಂದು ನಕ್ಷತ್ರ. ಗಾಂಧಿ ಬಜಾರಿನಲ್ಲಿ ತೆಂಗಿನಕಾಯಿ ಕೊಳ್ಳುವವರು ಗಾತ್ರ ನೋಡಿ ಸುಮ್ಮನಾಗುವುದಿಲ್ಲ, ಕೈಯಲ್ಲಿ ಎತ್ತಿ ನೋಡುತ್ತಾರೆ. ಖಗೋಳಜ್ಞರಿಗೂ ಬೇರೆ ದಾರಿಯಿಲ್ಲ. ಇನ್ನೂ ಒಂದು ತೊಡಕಿದೆ. ಟೆಸ್‌ನ ಕ್ಯಾಮೆರಾದ ಒಂದೊಂದು ಚಿತ್ರಬಿಂದುವೂ ಆಕಾಶದಲ್ಲಿ 21 ಕೋನ-ಸೆಕೆಂಡು ಅಗಲ. ಅಷ್ಟು ಜಾಗದಲ್ಲಿ ಹಲವು ನಕ್ಷತ್ರಗಳ ಬೆಳಕು ಬೆರೆತಿರಬಹುದು. ಹಿನ್ನೆಲೆಯಲ್ಲೆಲ್ಲೋ ಜೋಡಿ ನಕ್ಷತ್ರಗಳು ಒಂದನ್ನೊಂದು ಮರೆಮಾಡುತ್ತಿದ್ದರೆ ಮುಂದಿನ ನಕ್ಷತ್ರಕ್ಕೆ ಗ್ರಹವಿದ್ದಂತೆ ಭಾಸವಾಗುತ್ತದೆ. ಹೀಗೆ ಮೋಸಹೋಗುವ ಪ್ರಮಾಣ ಎಷ್ಟೆಂಬುದಕ್ಕೂ ಲೆಕ್ಕ ಸಿಕ್ಕಿದೆ. ಕೆಪ್ಲರ್ ದೂರದರ್ಶಕ ಕೊಟ್ಟ ಭಾರಿ ಗ್ರಹಗಳ ಅಭ್ಯರ್ಥಿಗಳನ್ನು ಫ್ರಾನ್ಸಿನ ಒಂದು ತಂಡ ವರ್ಷಗಟ್ಟಲೆ ಒಂದೊಂದಾಗಿ ತೂಗಿ 2016ರಲ್ಲಿ ಫಲಿತಾಂಶ ಪ್ರಕಟಿಸಿತು: ಅರ್ಧಕ್ಕಿಂತ ಹೆಚ್ಚು, ಶೇಕಡಾ 55ರ ಹತ್ತಿರ, ಗ್ರಹಗಳಾಗಿರಲೇ ಇಲ್ಲ.

ನೆರಳೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಒಂದು ಘನವಾದ ಉದಾಹರಣೆಯಿದೆ. ಬೆಂಗಳೂರಿನ ಕೋರಮಂಗಲದಲ್ಲಿ ಭಾರತೀಯ ಖಭೌತ ಸಂಸ್ಥೆ ಇದೆ. ಅದರ ವೀಕ್ಷಣಾಲಯ ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರಿನಲ್ಲಿ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ಮಂದ ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಕಾವಲೂರಿನ ಒಂದು ಮೀಟರ್ ದೂರದರ್ಶಕದಲ್ಲಿ ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಆ ನಕ್ಷತ್ರದ ಬೆಳಕನ್ನು ದಾಖಲಿಸುತ್ತಿದ್ದರು. ಗ್ರಹ ಇನ್ನೂ ದೂರವಿರುವಾಗಲೇ ಬೆಳಕು ಕೆಲವು ಸೆಕೆಂಡುಗಳ ಕಾಲ ಕುಸಿಯಿತು. ಅಳತೆ ನಿಖರವಾಗಿತ್ತು, ಕುಸಿತ ನಿಜವಾಗಿತ್ತು. ಅದಕ್ಕೆ ಕಾರಣವೇನು? ಯುರೇನಸ್‌ಗೆ ಹೊಸ ಉಪಗ್ರಹವೊಂದಿದೆ ಎಂದು ಅವರು ಅರ್ಥೈಸಿದರು, 'ನೇಚರ್' ಪತ್ರಿಕೆಯಲ್ಲಿ ಹಾಗೆಯೇ ಬರೆದರು. ಅದೇ ಹೊತ್ತಿಗೆ ಹಿಂದೂ ಮಹಾಸಾಗರದ ಮೇಲೆ ವಿಮಾನದಲ್ಲಿ ದೂರದರ್ಶಕ ಹೊತ್ತು ಹಾರುತ್ತಿದ್ದ ಅಮೆರಿಕದ ತಂಡಕ್ಕೆ ಗ್ರಹದ ಒಂದು ಬದಿಯಲ್ಲಿ ಕಂಡ ಕುಸಿತಗಳೇ ಇನ್ನೊಂದು ಬದಿಯಲ್ಲೂ ಕನ್ನಡಿಯ ಬಿಂಬದಂತೆ ಹಿಮ್ಮುಖ ಕ್ರಮದಲ್ಲಿ ಕಂಡವು. ಉಪಗ್ರಹವಾಗಿದ್ದರೆ ಹಾಗೆ ಎರಡೂ ಕಡೆ ಇರಲು ಸಾಧ್ಯವಿಲ್ಲ. ಅವು ಉಂಗುರಗಳು. ಕಾವಲೂರಿನವರು ಕಂಡದ್ದೂ ಅವನ್ನೇ. ಭಟ್ಟಾಚಾರ್ಯರ ಸಾಧನೆ ಇದರಿಂದ ಒಂದು ಗುಂಜಿಯೂ ಕಡಿಮೆಯಾಗುವುದಿಲ್ಲ. ಶನಿಯ ಬಳಿಕ ಉಂಗುರ ಕಂಡ ಎರಡನೆಯ ಗ್ರಹದ ಶೋಧದಲ್ಲಿ ನಮ್ಮ ದೇಶದ ದಾಖಲೆಯೂ ಸೇರಿದೆ ಎಂಬುದು ಹೆಮ್ಮೆಯ ವಿಷಯವೇ. ಆದರೆ ಒಂದೇ ಒಂದು ಕುಸಿತಕ್ಕೆ ತನ್ನ ಗುರುತನ್ನು ತಾನೇ ಹೇಳಿಕೊಳ್ಳುವ ಶಕ್ತಿಯಿಲ್ಲ, ಅದಕ್ಕೆ ಇನ್ನೊಂದು ಸಾಕ್ಷಿ ಬೇಕೇ ಬೇಕು ಎಂಬುದನ್ನು ಆ ರಾತ್ರಿ ಮುಟ್ಟಿ ತೋರಿಸಿಕೊಟ್ಟಿತು.

ಗ್ರಹಗಳ ವಿಷಯದಲ್ಲಿ ಆ ಇನ್ನೊಂದು ಸಾಕ್ಷಿಯೇ ತೂಕ. ತಕ್ಕಡಿಯಿಲ್ಲದ ಕಡೆ ತೂಗುವುದು ಹೇಗೆ? ಗ್ರಹ ನಕ್ಷತ್ರವನ್ನು ಸುತ್ತುತ್ತದೆ ಎನ್ನುವುದು ಅರ್ಧ ಸತ್ಯ. ಎರಡೂ ತಮ್ಮ ಸಮಾನ ಭಾರಕೇಂದ್ರವನ್ನು ಸುತ್ತುತ್ತವೆ. ಗ್ರಹ ಎಷ್ಟು ಭಾರವೋ ನಕ್ಷತ್ರ ಅಷ್ಟು ಜೋರಾಗಿ ಅತ್ತಿತ್ತ ತೊನೆಯುತ್ತದೆ. ನಮ್ಮತ್ತ ಬರುವಾಗ ಅದರ ಬೆಳಕಿನ ರೋಹಿತದಲ್ಲಿರುವ ಕಪ್ಪು ರೇಖೆಗಳು ನೀಲಿಯ ಕಡೆಗೂ, ದೂರ ಸರಿಯುವಾಗ ಕೆಂಪಿನ ಕಡೆಗೂ ಕೊಂಚ ಜರುಗುತ್ತವೆ. ಭೂಮಿಯಿಂದಾಗಿ ಸೂರ್ಯ ತೊನೆಯುವ ವೇಗ ಸೆಕೆಂಡಿಗೆ ಸುಮಾರು 9 ಸೆಂಟಿಮೀಟರ್, ಗುರುವಿನಿಂದಾಗಿ 12 ಮೀಟರಿಗೆ ತುಸು ಹೆಚ್ಚು. ಟಿಒಐ-4603 ತೊನೆಯುವುದು ಸೆಕೆಂಡಿಗೆ ಹತ್ತಿರಹತ್ತಿರ ಒಂದು ಕಿಲೋಮೀಟರ್ ವೇಗದಲ್ಲಿ. ಕೇಳಲು ದೊಡ್ಡ ವೇಗ. ಆದರೆ ಬೆಳಕಿನ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಆದ್ದರಿಂದ ರೇಖೆಯೊಂದು ಜರುಗುವುದು ತನ್ನ ತರಂಗಾಂತರದ ಮೂರು ಲಕ್ಷದಲ್ಲೊಂದು ಪಾಲಿನಷ್ಟು ಮಾತ್ರ. ಇದನ್ನು ಅಳೆದ ಉಪಕರಣದ ಹೆಸರು ಪಾರಸ್. ರಾಜಸ್ಥಾನದ ಮೌಂಟ್ ಅಬುವಿನ ಗುರುಶಿಖರದಲ್ಲಿರುವ 1.2 ಮೀಟರ್ ದೂರದರ್ಶಕಕ್ಕೆ ಜೋಡಿಸಿದ ರೋಹಿತಮಾಪಕ ಅದು. ದೂರದರ್ಶಕ ಹಿಡಿದ ಬೆಳಕು ಕೂದಲೆಳೆಯಂಥ ಗಾಜಿನ ತಂತುವಿನಲ್ಲಿ ಸಾಗಿ, ಗಾಳಿ ತೆಗೆದ, ಉಷ್ಣತೆ ಒಂದು ಡಿಗ್ರಿಯ ನೂರನೇ ಪಾಲಿನಷ್ಟೂ ಅಲುಗದಂತೆ ಕಾಯ್ದಿಟ್ಟ ಕೋಣೆಯನ್ನು ಸೇರುತ್ತದೆ. ಪಕ್ಕದ ಇನ್ನೊಂದು ತಂತುವಿನಲ್ಲಿ ಅಳತೆಗೆಂದೇ ಇಟ್ಟ ದೀಪವೊಂದರ ಬೆಳಕು ಬರುತ್ತದೆ. ಆ ದೀಪದ ರೇಖೆಗಳ ಸ್ಥಾನ ಮೊದಲೇ ಗೊತ್ತು. ಉಪಕರಣವೇ ಚೂರು ಹಿಗ್ಗಿದರೆ ಅಥವಾ ಕುಗ್ಗಿದರೆ ಎರಡೂ ಬೆಳಕು ಜೊತೆಯಾಗಿ ಜರುಗುತ್ತವೆ, ನಕ್ಷತ್ರ ಚಲಿಸಿದರೆ ಅದರ ರೇಖೆಗಳು ಮಾತ್ರ. ಈ ಎರಡನ್ನೂ ಬಿಡಿಸಿ ನೋಡಬಲ್ಲ ಜಾಣ್ಮೆಯೇ ಇಲ್ಲಿಯ ತಕ್ಕಡಿ. ಇದೇ ಪಾರಸ್‌ನಿಂದ 2021ರಲ್ಲಿ ತೂಗಿದ ಟಿಒಐ-1789ಬಿ ಗುರುಗ್ರಹದ 1.4 ಪಟ್ಟು ದೊಡ್ಡದು, ತೂಕದಲ್ಲಿ 0.7 ಪಟ್ಟು ಮಾತ್ರ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ: ದೊಡ್ಡದು ಹಗುರ, ಚಿಕ್ಕದು ಅದಕ್ಕಿಂತ ಹದಿನೆಂಟು ಪಟ್ಟು ಭಾರ, ಸಾಂದ್ರತೆಯಲ್ಲಿ ಸುಮಾರು ಐವತ್ತು ಪಟ್ಟು ಅಂತರ. ಬರೀ ನೆರಳನ್ನು ನೋಡಿ ಯಾರು ಇದನ್ನು ಊಹಿಸಬಲ್ಲರು?

ಹಾಗಾದರೆ ತೂಕವೇ ಸಾಕಲ್ಲ, ನೆರಳೇಕೆ ಬೇಕು ಎಂದು ಒಬ್ಬರು ಕೇಳಬಹುದು. 1995ರಲ್ಲಿ ಮಿಷೆಲ್ ಮೇಯರ್ ಮತ್ತು ದಿದಿಯೆ ಕೆಲೋ ಸೂರ್ಯನಂಥ ನಕ್ಷತ್ರಕ್ಕೆ ಗ್ರಹವಿರುವುದನ್ನು ಮೊದಲ ಬಾರಿಗೆ ಕಂಡದ್ದು ಈ ತೊನೆತದಿಂದಲೇ ತಾನೇ? ಹೌದು, 2019ರಲ್ಲಿ ಅದಕ್ಕೆ ನೊಬೆಲ್ ಬಹುಮಾನವೂ ಬಂತು. ಆದರೆ ತೊನೆತದಿಂದ ಸಿಗುವುದು ಕನಿಷ್ಠ ತೂಕ. ಕಕ್ಷೆ ನಮ್ಮ ನೋಟಕ್ಕೆ ಎಷ್ಟು ವಾಲಿದೆಯೆಂದು ತಿಳಿಯದೆ ನಿಜವಾದ ತೂಕ ತಿಳಿಯದು. 1989ರಲ್ಲಿ ಎಚ್‌ಡಿ 114762 ಎಂಬ ನಕ್ಷತ್ರದ ಬಳಿ ಕಂಡ ಕಾಯದ ಕನಿಷ್ಠ ತೂಕ ಗುರುಗ್ರಹದ 11 ಪಟ್ಟು ಇತ್ತು. ಮೊದಲ ಬಾಹ್ಯಗ್ರಹ ಅದೇ ಇರಬಹುದೆಂದು ಹಲವರು ಬಹುಕಾಲ ನಂಬಿದ್ದರು. ಗಾಯಾ ಉಪಗ್ರಹದ ಅಳತೆಗಳು ಬಂದ ಮೇಲೆ ಅದರ ಕಕ್ಷೆ ನಮಗೆ ಹೆಚ್ಚುಕಡಿಮೆ ಎದುರುಮುಖವಾಗಿದೆ, ಆ ಕಾಯ ಒಂದು ಕಿರುನಕ್ಷತ್ರ ಎಂದು ಗೊತ್ತಾಯಿತು. 2019ರಲ್ಲಿ ಭಾರತಕ್ಕೆ ಹೆಸರಿಡುವ ಅವಕಾಶ ಸಿಕ್ಕ ಗ್ರಹ 'ಸಂತಮಸ'. ಅದರ ನಕ್ಷತ್ರಕ್ಕೆ ಭೌತವಿಜ್ಞಾನಿ ಬಿಭಾ ಚೌಧುರಿಯವರ ನೆನಪಿಗೆ 'ಬಿಭಾ' ಎಂದು ಹೆಸರಿಟ್ಟಿದ್ದಾರೆ. ಆ ಗ್ರಹವೂ ತನ್ನ ನಕ್ಷತ್ರದ ಮುಂದೆ ಹಾಯುವುದಿಲ್ಲ, ಅದರದೂ ಕನಿಷ್ಠ ತೂಕವೇ ನಮಗೆ ಗೊತ್ತಿರುವುದು. ನಕ್ಷತ್ರದ ಮುಂದೆ ಹಾಯುವ ಗ್ರಹದ ಕಕ್ಷೆ ಮಾತ್ರ ಬಹುತೇಕ ಅಂಚುಮುಖವಾಗಿದೆಯೆಂದು ಖಚಿತ. ಆದ್ದರಿಂದ ನನ್ನ ವಾದವನ್ನು ಹೀಗೆ ಬಿಗಿಗೊಳಿಸಬೇಕು: ನೆರಳು ತೂಕಕ್ಕೆ ಕೋನವನ್ನು ಕೊಡುತ್ತದೆ, ತೂಕ ನೆರಳಿಗೆ ಗುರುತನ್ನು ಕೊಡುತ್ತದೆ. ಆದರೂ ತೀರ್ಪು ಬೀಳುವುದು ತೂಕದ ಬಳಿಯಲ್ಲೇ.

ಇನ್ನೊಂದು ಆಕ್ಷೇಪ ಹೆಚ್ಚು ಖಾರವಾದದ್ದು. ಕುಂದನ್ನು ಕಂಡದ್ದು ನಾಸಾ ಉಪಗ್ರಹ. ಮೌಂಟ್ ಅಬುವಿನವರು ಮಾಡಿದ್ದು ದೃಢೀಕರಣ ಮಾತ್ರ, ಅದನ್ನು ಭಾರತದ ಶೋಧ ಎನ್ನುವುದು ಅತಿಯಾಯಿತಲ್ಲವೇ? ಇದನ್ನು ತಳ್ಳಿಹಾಕುವಂತಿಲ್ಲ. ಟೆಸ್ ಇಲ್ಲದಿದ್ದರೆ ಆ ನಕ್ಷತ್ರದತ್ತ ಯಾರೂ ತಿರುಗಿ ನೋಡುತ್ತಿರಲಿಲ್ಲ. ತೊನೆತದ ಅಳತೆಯಲ್ಲೂ ಪಾರಸ್ ಜೊತೆಗೆ ಅಮೆರಿಕದ ಅರಿಜೋನಾದಲ್ಲಿರುವ ಟ್ರೆಸ್ ಎಂಬ ರೋಹಿತಮಾಪಕದ ಪಾಲಿದೆ, ಪ್ರಬಂಧ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಇದು ಯಾವೊಂದು ದೇಶದ ಏಕಾಂಗಿ ಸಾಧನೆಯಲ್ಲ, ಹಾಗೆಂದು ಸಾರುವ ತಲೆಬರಹಗಳು ವಿಜ್ಞಾನಕ್ಕೆ ಉಪಕಾರ ಮಾಡುವುದೂ ಇಲ್ಲ. ಆದರೆ 'ದೃಢೀಕರಣ ಮಾತ್ರ' ಎನ್ನುವಾಗ ಆ 'ಮಾತ್ರ'ವನ್ನು ನಾನು ಒಪ್ಪಲಾರೆ. ಅಭ್ಯರ್ಥಿಗಳಲ್ಲಿ ಅರ್ಧಕ್ಕರ್ಧ ಸುಳ್ಳಾಗಬಲ್ಲ ಕಡೆ, ಸುಳ್ಳು ಯಾವುದು ನಿಜ ಯಾವುದು ಎಂದು ಹೇಳುವುದೇ ಜ್ಞಾನ. ಸೀಸಕ್ಕಿಂತ ದಟ್ಟವೆಂಬ ಸಂಗತಿ ಟೆಸ್‌ನ ದತ್ತಾಂಶದಲ್ಲಿ ಎಲ್ಲಿಯೂ ಇರಲಿಲ್ಲ. ಅದು ಹುಟ್ಟಿದ್ದು ತೂಗಿದವರ ಕೈಯಲ್ಲಿ. ಉಪಕರಣಗಳ ಅಳತೆಯನ್ನೂ ಗಮನಿಸಿ. ಮೇಯರ್ ಮತ್ತು ಕೆಲೋ ಬಳಸಿದ ದೂರದರ್ಶಕ 1.93 ಮೀಟರ್, ಟ್ರೆಸ್ ಇರುವುದು 1.5 ಮೀಟರ್, ಪಾರಸ್ ಇರುವುದು 1.2 ಮೀಟರ್. ಜಗತ್ತಿನ ದೊಡ್ಡ ದೂರದರ್ಶಕಗಳು ಎಂಟು-ಹತ್ತು ಮೀಟರಿನವು. ಅವುಗಳಲ್ಲಿ ಒಂದು ರಾತ್ರಿ ಸಿಗುವುದೇ ದುರ್ಲಭ. ಒಂದೇ ನಕ್ಷತ್ರವನ್ನು ತಿಂಗಳುಗಟ್ಟಲೆ ಮತ್ತೆಮತ್ತೆ ನೋಡಬೇಕಾದ ಕೆಲಸಕ್ಕೆ ಬೇಕಾದದ್ದು ಸ್ವಂತದ್ದೊಂದು ಸಾಧಾರಣ ದೂರದರ್ಶಕ, ಅತಿ ಸ್ಥಿರವಾದ ರೋಹಿತಮಾಪಕ, ಮತ್ತು ಬೇಸರವಿಲ್ಲದ ಮನಸ್ಸುಗಳು. 2018ರಲ್ಲಿ ಸೂರ್ಯನಂಥ ನಕ್ಷತ್ರದ ಸುತ್ತಲಿನ, 27 ಭೂಮಿಗಳಷ್ಟು ತೂಗುವ ಗ್ರಹವನ್ನು ಈ ತಂಡ ಪತ್ತೆಹಚ್ಚಿದ್ದೂ ಇದೇ ಬಂಡವಾಳದಿಂದ. ಈಗ ಅಲ್ಲಿ 2.5 ಮೀಟರ್ ದೂರದರ್ಶಕ ಮತ್ತು ಪಾರಸ್-2 ಬಂದಿವೆ.

ಮೂರನೆಯ ಆಕ್ಷೇಪ ತಜ್ಞರದ್ದು: ಇದು ಗ್ರಹವೇ ಹೌದೇ? ಗುರುಗ್ರಹದ 13 ಪಟ್ಟಿಗಿಂತ ಭಾರವಾದ ಕಾಯದ ಒಡಲಿನಲ್ಲಿ ಡ್ಯೂಟೀರಿಯಂ ಎಂಬ ಭಾರ ಹೈಡ್ರೋಜನ್ ಉರಿಯಬಲ್ಲದು, ಆದ್ದರಿಂದ ಅಲ್ಲಿಂದಾಚೆಗೆ ಕಂದು ಕುಬ್ಜ ಎಂಬುದು ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ಬಳಸುವ ಗೆರೆ. ನಮ್ಮ ಗ್ರಹದ ತೂಕ 12.89, ಅದರಲ್ಲಿ ಹೆಚ್ಚುಕಡಿಮೆ 0.6ರಷ್ಟು ಅನಿಶ್ಚಿತತೆ. ಅಂದರೆ ಅದು ಗೆರೆಯ ಮೇಲೆಯೇ ಕುಳಿತಿದೆ. ಈ ಗೆರೆಗೇ ಹೆಚ್ಚು ಬೆಲೆ ಕೊಡಬಾರದೆಂಬುದು ನನ್ನ ನಿಲುವು. ಒಡಲಿನಲ್ಲಿ ಹೀಲಿಯಂ ಮತ್ತು ಅದಕ್ಕಿಂತ ಭಾರವಾದ ಮೂಲವಸ್ತುಗಳು ಎಷ್ಟಿವೆ ಎಂಬುದರ ಮೇಲೆ ಡ್ಯೂಟೀರಿಯಂ ಉರಿಯುವ ಮಿತಿ 11ರಿಂದ 16ರವರೆಗೆ ಓಡಾಡುತ್ತದೆಂದು ಲೆಕ್ಕಗಳು ತೋರಿಸಿವೆ. ಅದಕ್ಕಿಂತ ಮುಖ್ಯವಾದದ್ದು ಹುಟ್ಟಿದ ಬಗೆ. ನಕ್ಷತ್ರದ ಸುತ್ತಲಿನ ಧೂಳು-ಅನಿಲದ ತಟ್ಟೆಯಲ್ಲಿ ಮೊದಲು ಗಟ್ಟಿ ತಿರುಳಾಗಿ, ಆಮೇಲೆ ಅನಿಲವನ್ನು ಹೊದ್ದು ಬೆಳೆದಿದ್ದರೆ ಅದು ಗ್ರಹ. ನಕ್ಷತ್ರದಂತೆ ಮೋಡ ಕುಸಿದು ಆಗಿದ್ದರೆ ಅಲ್ಲ. ಟಿಒಐ-4603ಬಿಯ ತೂಕ ಮತ್ತು ಗಾತ್ರವನ್ನು ಮಾದರಿಗಳಿಗೆ ಹೊಂದಿಸಿ ನೋಡಿದಾಗ ಅದರ ದ್ರವ್ಯದ ಶೇಕಡಾ 13ರಷ್ಟು ಭಾರ ಮೂಲವಸ್ತುಗಳೆಂದು ಬರುತ್ತದೆ. ಅಂದರೆ ಐನೂರಕ್ಕೂ ಹೆಚ್ಚು ಭೂಮಿಗಳಷ್ಟು! ಅವುಗಳ ಪ್ರಮಾಣ ಸ್ವತಃ ನಕ್ಷತ್ರದಲ್ಲಿರುವುದಕ್ಕಿಂತ ನಾಲ್ಕು ಪಟ್ಟು ಹೆಚ್ಚು, ಆ ನಕ್ಷತ್ರವೋ ಸೂರ್ಯನಿಗಿಂತ ಭಾರ ಮೂಲವಸ್ತುಗಳಲ್ಲಿ ಶ್ರೀಮಂತ. ಇದು ಗ್ರಹದ ಹುಟ್ಟನ್ನೇ ಸೂಚಿಸುತ್ತದೆ. ಕಕ್ಷೆ ವೃತ್ತವಾಗಿಲ್ಲ, 0.325ರಷ್ಟು ಉತ್ಕೇಂದ್ರವಾಗಿದೆ, ದೂರದಲ್ಲೆಲ್ಲೋ ಹುಟ್ಟಿ, ಉದ್ದನೆಯ ಕಕ್ಷೆಗೆ ಬಿದ್ದು, ನಕ್ಷತ್ರದ ಉಬ್ಬರವಿಳಿತದ ಸೆಳೆತದಿಂದ ನಿಧಾನವಾಗಿ ಒಳಕ್ಕೆ ಬರುತ್ತಿರುವ ಸಾಧ್ಯತೆಯನ್ನು ಶೋಧಕರು ಮುಂದಿಟ್ಟಿದ್ದಾರೆ. ಮಾದರಿಗಳನ್ನು ನೆಚ್ಚಿದ ಅಂದಾಜುಗಳಿವು ಎಂಬುದನ್ನು ಒಪ್ಪಿಕೊಂಡೂ, ಸದ್ಯಕ್ಕೆ ಅದನ್ನು ಗ್ರಹವೆನ್ನುವುದೇ ಸರಿ. ಇದೇ ತೂಕದ ಆಸುಪಾಸಿನಲ್ಲಿ, ನಕ್ಷತ್ರದ ಮುಂದೆ ಹಾಯುವ ಕಾಯಗಳು ಶೋಧದ ಹೊತ್ತಿಗೆ ಐದಕ್ಕಿಂತ ಕಡಿಮೆ ಗೊತ್ತಿದ್ದವು. ಗಡಿಯಲ್ಲಿ ನಿಂತವರೇ ಗಡಿಯ ಬಗ್ಗೆ ಹೇಳಬೇಕು, ಅದಕ್ಕೇ ಈ ಒಂದು ತೂಕ ಇಷ್ಟು ಬೆಲೆಯುಳ್ಳದ್ದು.

ಬೆಂಗಳೂರಿಗೂ ಇದಕ್ಕೂ ಏನು ಸಂಬಂಧ ಎಂಬುದು ಉಳಿಯಿತು. ಪಿಆರ್‌ಎಲ್‌ ಬಾಹ್ಯಾಕಾಶ ಇಲಾಖೆಗೆ ಸೇರಿದ್ದು, ಆ ಇಲಾಖೆಯ ಕೇಂದ್ರ ಕಚೇರಿ ಈ ಊರಿನಲ್ಲೇ ಇದೆ ಎಂದಷ್ಟೇ ಹೇಳಿ ತೃಪ್ತಿಪಡುವುದು ಬೇಡ. ಖಭೌತ ಸಂಸ್ಥೆಯ ಸುಜನ್ ಸೇನ್‌ಗುಪ್ತ ಮತ್ತು ಅವರ ವಿದ್ಯಾರ್ಥಿಗಳು 2019ರಲ್ಲಿ ಐದು, 2021ರಲ್ಲಿ ಮತ್ತೆ ಐದು ಬಿಸಿ ಗುರುಗಳ, ಅಂದರೆ ನಕ್ಷತ್ರಕ್ಕೆ ಅತಿ ಹತ್ತಿರದಲ್ಲಿ ಸುತ್ತುವ ಭಾರಿ ಗ್ರಹಗಳ, ಸಂಕ್ರಮಣಗಳನ್ನು ಹೊಸದಾಗಿ, ಹೆಚ್ಚು ನಿಖರವಾಗಿ ಅಳೆದು ಅವುಗಳ ಗಾತ್ರವನ್ನು ತಿದ್ದಿ ಪ್ರಕಟಿಸಿದ್ದಾರೆ. ಅವರು ಬಳಸಿದ್ದು ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ, ನಮ್ಮ ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುವ ಎರಡು ಮೀಟರ್ ದೂರದರ್ಶಕವನ್ನು, ಜೊತೆಗೆ ಕಾವಲೂರಿನ 1.3 ಮೀಟರ್ ದೂರದರ್ಶಕವನ್ನು. ಆ ಎರಡನೆಯದಕ್ಕೆ ಇಟ್ಟಿರುವ ಹೆಸರು ಜೆ.ಸಿ. ಭಟ್ಟಾಚಾರ್ಯರದು.

ಇದರಿಂದ ಅನ್ನ ಹುಟ್ಟುತ್ತದೆಯೇ ಎಂದು ಕೇಳುವವರಿಗೆ, ಹುಟ್ಟುವುದಿಲ್ಲ ಎಂದೇ ನೇರವಾಗಿ ಉತ್ತರಿಸುತ್ತೇನೆ. ಆದರೆ ನೂರನೇ ಒಂದು ಡಿಗ್ರಿಯನ್ನು ಕಾಯಬಲ್ಲ, ಮೂರು ಲಕ್ಷದಲ್ಲೊಂದು ಪಾಲನ್ನು ನಂಬಿಕೆಯಿಂದ ಅಳೆಯಬಲ್ಲ ಕೈಗಳು ಒಂದು ದೇಶದಲ್ಲಿ ತಯಾರಾಗುವುದು ಇಂಥ ಕೆಲಸಗಳಿಂದ. ಆ ಕೈಗಳು ಬೇಕೆನ್ನುವುದಾದರೆ ಅವಕ್ಕೆ ಅಭ್ಯಾಸ ಎಳವೆಯಲ್ಲೇ ಸಿಗಬೇಕು. ಜಯನಗರ-ಬನಶಂಕರಿ ಭಾಗದ ಕಾಲೇಜುಗಳ ಭೌತವಿಜ್ಞಾನ ವಿಭಾಗಗಳಿಗೆ, ಬನಶಂಕರಿ ಎರಡನೇ ಹಂತದಲ್ಲೇ ಇರುವ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿಗೆ ನನ್ನದೊಂದು ನಿರ್ದಿಷ್ಟ ಬಿನ್ನಹವಿದೆ. ಜಂಬುಕ ಪುಂಜದಲ್ಲಿ ಎಚ್‌ಡಿ 189733 ಎಂಬ ನಕ್ಷತ್ರವಿದೆ. ಅದರ ಗ್ರಹ 2.2 ದಿನಕ್ಕೊಮ್ಮೆ ಮುಂದೆ ಹಾಯುವಾಗ ಬೆಳಕು ಶೇಕಡಾ ಎರಡಕ್ಕಿಂತ ಹೆಚ್ಚು ಕುಂದುತ್ತದೆ, ಸುಮಾರು ಎರಡು ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ಮಳೆಗಾಲ ಕಳೆದ ಅಕ್ಟೋಬರ್-ನವೆಂಬರಿನ ಸಂಜೆಗಳಲ್ಲಿ ಅದು ನಮ್ಮ ಆಕಾಶದಲ್ಲಿ ಎತ್ತರದಲ್ಲಿರುತ್ತದೆ. ಊರಿನ ದೀಪಗಳ ನಡುವೆಯೂ, ಪಕ್ಕದ ನಕ್ಷತ್ರಗಳ ಜೊತೆ ಹೋಲಿಸುತ್ತ ಹೋದರೆ, ಸಣ್ಣ ದೂರದರ್ಶಕ ಮತ್ತು ಸಾಧಾರಣ ಡಿಜಿಟಲ್ ಕ್ಯಾಮೆರಾದಿಂದ ಈ ಕುಂದನ್ನು ದಾಖಲಿಸಬಹುದು. ಜಗತ್ತಿನ ಅನೇಕ ಹವ್ಯಾಸಿಗಳು ಮಾಡುತ್ತಿದ್ದಾರೆ, ಅವರ ಅಳತೆಗಳನ್ನು ಎಕ್ಸೊಕ್ಲಾಕ್‌ನಂಥ ಯೋಜನೆಗಳು ಸ್ವೀಕರಿಸಿ ವಿಜ್ಞಾನಿಗಳಿಗೆ ಒದಗಿಸುತ್ತಿವೆ. ಬರುವ ಅಕ್ಟೋಬರಿನಲ್ಲಿ ಜಯನಗರ, ಬನಶಂಕರಿಗಳ ಒಂದೆರಡು ಕಾಲೇಜುಗಳಾದರೂ ತಮ್ಮ ತಾರಸಿಯನ್ನು ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟು ಇದನ್ನು ಆರಂಭಿಸಬೇಕೆಂದು ಪ್ರಾಂಶುಪಾಲರನ್ನೂ ಅಧ್ಯಾಪಕರನ್ನೂ ಕೇಳಿಕೊಳ್ಳುತ್ತೇನೆ.